ಕತ್ತರಿಗಿಂತ ಮೊದಲು ಮನೆ: ಬಾಡಿಗೆ ಮನೆಯಲ್ಲಿ ಅರೆಕಾಲಿಕ ಕೇಶವಿನ್ಯಾಸದ ಕಸುಬು

ಸಂಜೆಯ ಹೊತ್ತು ಬಳ್ಳಾರಿಯ ಗಾಂಧಿನಗರದಲ್ಲೋ ರಾಯಚೂರಿನ ನಿಜಲಿಂಗಪ್ಪ ಕಾಲೊನಿಯಲ್ಲೋ ನಡೆದು ಹೋಗುವಾಗ, ಮನೆಯ ಗೇಟಿಗೆ ತಂತಿಯಿಂದ ಬಿಗಿದ ಸಣ್ಣ ಫ್ಲೆಕ್ಸ್ ಒಂದು ಕಣ್ಣಿಗೆ ಬೀಳುವುದುಂಟು: ‘ಹೇರ್ ಕಟಿಂಗ್, ಹೇರ್ ಸ್ಟೈಲ್, ಮಹಿಳೆಯರಿಗೆ ಮಾತ್ರ’. ಒಳಗೆ ಪಡಸಾಲೆಯ ಮೂಲೆಯಲ್ಲಿ ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಮೊಳೆಗೆ ನೇತುಹಾಕಿದ ಡ್ರೈಯರ್ ಇರುತ್ತವೆ. ಹಗಲು ಶಾಲೆಯಲ್ಲಿ ಪಾಠ ಹೇಳುವವರು, ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುವವರು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಕೈಗೆ ನಾಲ್ಕು ಗಂಟೆ ಉಳಿಸಿಕೊಂಡವರು ಹೀಗೆ ದಿನಕ್ಕೆ ಒಂದಷ್ಟು ಹೊತ್ತು ಕತ್ತರಿ ಹಿಡಿಯುತ್ತಾರೆ. ಇಂಥ ಕಸುಬು ಆರಂಭಿಸಬೇಕೆನ್ನುವವರು ಮೊದಲು ಕೇಳುವುದು ಯಾವ ಕೋರ್ಸ್ ಮಾಡಬೇಕು, ಯಾವ ಕಂಪನಿಯ ಯಂತ್ರ ಕೊಳ್ಳಬೇಕು ಎಂದು. ಆದರೆ ಸ್ವಂತದ್ದಲ್ಲದ ಮನೆಯಲ್ಲಿ ನಡೆಯುವ ಕಸುಬಿಗೆ ಕೈಚಳಕಕ್ಕಿಂತ ಮೊದಲು ಬೇಕಾಗುವುದು ಮೂರು ವಿಷಯಗಳ ಇತ್ಯರ್ಥ: ಕರಾರು ಪತ್ರ, ವಿದ್ಯುತ್ ಮೀಟರ್ ಮತ್ತು ಬಚ್ಚಲ ಮೋರಿ. ಈ ಮೂರೂ ಮನೆಯ ಮಾಲೀಕರಿಗೆ ಸೇರಿದವು, ಮೂರನ್ನೂ ಬಳಸುವವರು ಬಾಡಿಗೆದಾರರು. ತಕರಾರು ಹುಟ್ಟುವುದು ಇಲ್ಲಿಯೇ.

ಕರಾರಿನಿಂದ ತೊಡಗೋಣ. ನಮ್ಮ ಕಡೆ ಇಂದಿಗೂ ಎಷ್ಟೋ ಮನೆಗಳು ಬಾಯಿಮಾತಿನ ಮೇಲೆ ಬಾಡಿಗೆಗೆ ಹೋಗುತ್ತವೆ; ಪತ್ರ ಮಾಡಿಕೊಂಡರೂ ಅದು ಹನ್ನೊಂದು ತಿಂಗಳದ್ದಾಗಿರುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ ಎಂಬುದೇ ಈ ಹನ್ನೊಂದರ ಗುಟ್ಟು. ಅಂಗಡಿಯಿಂದ ತಂದ ಸಿದ್ಧ ನಮೂನೆಯ ಪತ್ರದಲ್ಲಿ ‘ವಾಸಕ್ಕಾಗಿ ಮಾತ್ರ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ಅದನ್ನು ಯಾರೂ ಓದಿರುವುದಿಲ್ಲ. ಆ ಸಾಲು ಇಲ್ಲದಿದ್ದರೂ, ಯಾವ ಉದ್ದೇಶಕ್ಕೆ ಸ್ವತ್ತನ್ನು ಕೊಡಲಾಗಿದೆಯೋ ಅದನ್ನು ಬಿಟ್ಟು ಬೇರೆ ಉದ್ದೇಶಕ್ಕೆ ಬಾಡಿಗೆದಾರರು ಅದನ್ನು ಬಳಸಬಾರದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುತ್ತದೆ. ಹಾಗಾಗಿ ಅನುಮತಿಯಿಲ್ಲದೆ ಕುರ್ಚಿ ಹಾಕಿದ ದಿನದಿಂದಲೇ, ಮನೆ ಬಿಡಿ ಎನ್ನುವುದಕ್ಕೆ ಮಾಲೀಕರಿಗೆ ನಾವೇ ಒಂದು ಕಾರಣ ಒದಗಿಸಿಕೊಟ್ಟಂತಾಗುತ್ತದೆ.

ಮಾಲೀಕರು ಬೇಡವೆನ್ನುವುದು ಯಾವಾಗಲೂ ಹಟದಿಂದಲ್ಲ. ಅವರ ಹೆದರಿಕೆಗಳು ಬಹುತೇಕ ನ್ಯಾಯವಾದವು. ಮನೆಯನ್ನು ವಾಣಿಜ್ಯ ಬಳಕೆಯದೆಂದು ನಗರಸಭೆ ಅಥವಾ ಪಾಲಿಕೆ ಗುರುತಿಸಿದರೆ ಆಸ್ತಿ ತೆರಿಗೆ ಹೆಚ್ಚುತ್ತದೆ, ಅದನ್ನು ಕಟ್ಟಬೇಕಾದವರು ಅವರು. ಮೇಲಿನ ಮಹಡಿಯಲ್ಲಿ ಅವರದೇ ಸಂಸಾರವಿದ್ದರೆ ಗೊತ್ತಿಲ್ಲದವರು ಗೇಟು ತೆರೆದು ಬರುವುದು ಅವರಿಗೆ ಕಿರಿಕಿರಿ. ಇವೆಲ್ಲಕ್ಕಿಂತ ದೊಡ್ಡ ಅನುಮಾನ ಬೇರೆಯೇ ಇದೆ: “ನಾಳೆ ಮನಿ ಖಾಲಿ ಮಾಡ್ರಿ ಅಂದ್ರ, ಇಲ್ಲಿ ನನ್ನ ಅಂಗಡಿ ಐತಿ ಅಂತ ಕುಂತ್ರ ನಾ ಏನ್ ಮಾಡ್ಲೆವ್ವ?” ಈ ಪ್ರಶ್ನೆಗೆ ಬಾಯಲ್ಲಿ ಆಣೆ ಮಾಡಿ ಉತ್ತರ ಕೊಡುವುದಕ್ಕಿಂತ ಪತ್ರದಲ್ಲಿ ಉತ್ತರ ಕೊಡುವುದು ಲೇಸು. ‘ವಾಸದ ಜೊತೆಗೆ, ಮುಂಭಾಗದ ಒಂದು ಕೋಣೆಯಲ್ಲಿ, ಕೆಲಸಗಾರರನ್ನು ಇಟ್ಟುಕೊಳ್ಳದೆ, ಇಂತಿಂಥ ದಿನ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಕೇಶವಿನ್ಯಾಸದ ಕೆಲಸ ಮಾಡಲು ಮಾಲೀಕರು ಒಪ್ಪಿದ್ದಾರೆ, ಇದರಿಂದ ಹೆಚ್ಚುವ ತೆರಿಗೆ, ವಿದ್ಯುತ್ ಶುಲ್ಕ ಮತ್ತು ದುರಸ್ತಿಯ ಖರ್ಚು ಬಾಡಿಗೆದಾರರದ್ದು, ಈ ಒಪ್ಪಿಗೆಯಿಂದ ಗುತ್ತಿಗೆಯ ಅವಧಿ ಬದಲಾಗುವುದಿಲ್ಲ’ ಎಂಬಷ್ಟನ್ನು ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬಾಡಿಗೆ ಐನೂರು ಹೆಚ್ಚು ಕೇಳಿದರೂ ಈ ಸಾಲುಗಳಿಗಾಗಿ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಆಯ್ತು’ ಎಂಬ ಒಂದು ಪದವನ್ನು ನೆಚ್ಚಿ ಗೋಡೆಗೆ ಕನ್ನಡಿ ಹೊಡೆಸುವುದು ಜಾಣತನವಲ್ಲ.

ಇನ್ನು ಮೀಟರ್. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರೂ ಜಿಲ್ಲೆಗಳಿಗೆ ವಿದ್ಯುತ್ ಕೊಡುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಜೆಸ್ಕಾಂ. ಮನೆ ಬಳಕೆಗೆ ಒಂದು ದರ, ವಾಣಿಜ್ಯ ಬಳಕೆಗೆ ಅದಕ್ಕಿಂತ ಹೆಚ್ಚಿನ ದರ ಇದೆ. ಮನೆ ಬಳಕೆಗೆಂದು ಪಡೆದ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಅದನ್ನು ಅನಧಿಕೃತ ಬಳಕೆ ಎಂದು ಪರಿಗಣಿಸಿ, ಅನ್ವಯವಾಗಬೇಕಿದ್ದ ದರದ ಎರಡು ಪಟ್ಟು ವಸೂಲಿ ಮಾಡಲು ಅವಕಾಶ ಕೊಡುತ್ತದೆ. ಆರ್‌.ಆರ್‌. ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ, ಮಾಲೀಕರ ಹೆಸರಿನಲ್ಲಿ ಇರುವುದರಿಂದ ನೋಟಿಸ್ ಹೋಗುವುದೂ ಅವರಿಗೇ. ಪಕ್ಕದ ಮನೆಯವರೊಂದಿಗೆ ಪಾರ್ಕಿಂಗ್ ವಿಷಯಕ್ಕೆ ಮಾತು ಬೆಳೆದು ಅವರು ಒಂದು ಅರ್ಜಿ ಕೊಟ್ಟರೆ ಸಾಕು, ತಪಾಸಣೆಗೆ ಬರುತ್ತಾರೆ. ಆರಂಭಿಸುವ ಮೊದಲೇ ನಿಮ್ಮ ಭಾಗದ ಜೆಸ್ಕಾಂ ಶಾಖಾ ಕಚೇರಿಗೆ ಹೋಗಿ, ಒಂದು ಕೋಣೆಗೆ ಪ್ರತ್ಯೇಕ ವಾಣಿಜ್ಯ ಸಂಪರ್ಕ ಪಡೆಯುವುದಕ್ಕೆ ತಗಲುವ ಠೇವಣಿ ಮತ್ತು ತಿಂಗಳ ನಿಗದಿತ ಶುಲ್ಕವನ್ನು ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಮುಂದೆ ದರ ನಿಗದಿ ಮಾಡುವಾಗ ಈ ಅಂಕಿ ಬೇಕಾಗುತ್ತದೆ.

ಇದಕ್ಕೆ ಗೃಹಜ್ಯೋತಿಯ ಲೆಕ್ಕವೂ ಸೇರಿಕೊಂಡಿದೆ. 2023ರ ಜುಲೈನಿಂದ ಜಾರಿಗೆ ಬಂದ ಈ ಉಚಿತ ವಿದ್ಯುತ್ ಯೋಜನೆ ಮನೆ ಬಳಕೆಗೆ ಮಾತ್ರ. ಬಾಡಿಗೆದಾರರೂ ಇದರ ಫಲಾನುಭವಿಗಳು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು. ಡ್ರೈಯರ್ 1,500 ವ್ಯಾಟಿನದಾದರೆ ದಿನಕ್ಕೆ ಅರ್ಧ ಗಂಟೆಯಂತೆ ಇಪ್ಪತ್ತು ದಿನಕ್ಕೆ 15 ಯೂನಿಟ್ ಆಗುತ್ತದೆ. ತಲೆ ತೊಳೆಯಲು 2,000 ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಇನ್ನೊಂದು 20 ಯೂನಿಟ್. ಇವೆರಡೂ ತಡೆದುಕೊಳ್ಳುವಂಥವೇ. ಲೆಕ್ಕ ತಪ್ಪಿಸುವುದು ಹವಾನಿಯಂತ್ರಕ. ಗಂಟೆಗೆ ಒಂದೂವರೆ ಯೂನಿಟ್ ಎಂದು ಹಿಡಿದರೂ ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ದಿನಕ್ಕೆ 90 ಯೂನಿಟ್. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಡ್ರೈಯರ್‌ನ ಬಿಸಿಗಾಳಿಯ ಕೆಳಗೆ ಕೂತವರು ಏಸಿ ಕೇಳುವುದು ಸಹಜ. ಕೂಲರ್ ಹಾಕಿದರೆ ಬಿಲ್ ಉಳಿಯುತ್ತದೆ, ಆದರೆ ಕೂಲರ್‌ನ ತೇವದ ಗಾಳಿಯಲ್ಲಿ ಈಗಷ್ಟೇ ಇಸ್ತ್ರಿ ಮಾಡಿದಂತೆ ನೆಟ್ಟಗಾದ ಕೂದಲು ಮತ್ತೆ ಸುರುಳಿಗಟ್ಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಸ್ಟ್ರೇಟ್ನಿಂಗ್ ಕೆಲಸವನ್ನು ಬೆಳಗ್ಗೆ ಏಳರಿಂದ ಹತ್ತರೊಳಗೆ ಇಟ್ಟುಕೊಂಡು, ಸಂಜೆಗೆ ಕಟಿಂಗ್ ಮತ್ತು ಜಡೆ ಕೆಲಸವನ್ನು ಉಳಿಸಿಕೊಳ್ಳುವುದೇ ಸರಿಯಾದ ಹಂಚಿಕೆ.

ನೀರು ಮತ್ತು ಮೋರಿಯ ವಿಷಯಕ್ಕೆ ಕೋರ್ಸ್‌ಗಳಲ್ಲಿ ಯಾರೂ ಒಂದು ಮಾತನ್ನೂ ಹೇಳಿಕೊಡುವುದಿಲ್ಲ. ನಮ್ಮ ಕಡೆ ಅದೇ ಹೆಚ್ಚು ಕಾಡುವುದು. ತುಂಗಭದ್ರೆಯ ನೀರು ನಲ್ಲಿಗೆ ಬರುವ ಊರುಗಳಲ್ಲೂ ಅದು ದಿನಾಲೂ ಬರುತ್ತದೆಂಬ ಖಾತರಿಯಿಲ್ಲ. ಉಳಿದ ದಿನ ಬೋರಿನ ನೀರೇ ಗತಿ, ಮತ್ತು ಬೋರಿನ ನೀರು ಎಷ್ಟೋ ಕಡೆ ಸವಳು. ಗೀಸರ್‌ನ ಕಾಯಿಲ್‌ಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟಿದ್ದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿವೆ ಎಂದು ಅರ್ಥ. ಅದೇ ಪೊರೆ ಕೂದಲಿನ ಮೇಲೂ ಕೂರುತ್ತದೆ. ಕೂದಲು ಒರಟಾಗುತ್ತದೆ, ಬಣ್ಣ ಸಮನಾಗಿ ಹಿಡಿಯುವುದಿಲ್ಲ. ನೀರಿನಲ್ಲಿ ಕಬ್ಬಿಣ ಅಥವಾ ತಾಮ್ರದ ಅಂಶವಿದ್ದು ಅದು ಕೂದಲಿನಲ್ಲಿ ಉಳಿದಿದ್ದರೆ, ಬಣ್ಣ ಬಿಡಿಸುವ ಹೈಡ್ರೋಜನ್ ಪೆರಾಕ್ಸೈಡ್‌ನೊಂದಿಗೆ ಅದು ವರ್ತಿಸಿ ಬಿಸಿ ಹುಟ್ಟುತ್ತದೆ. ಬ್ಲೀಚ್ ಹಚ್ಚಿದ ಐದೇ ನಿಮಿಷಕ್ಕೆ ‘ಸುಡುತ್ತಿದೆ’ ಎಂದು ಗಿರಾಕಿ ಹೇಳಿದರೆ ತಡಮಾಡದೆ ತೊಳೆದುಬಿಡಬೇಕು. ಬಣ್ಣ ಹಚ್ಚುವ ಮುನ್ನ ಲವಣಗಳನ್ನು ಹಿಡಿದು ತೆಗೆಯುವ, ಇಡಿಟಿಎ ಇರುವ ಶಾಂಪೂವಿನಿಂದ ಒಮ್ಮೆ ತೊಳೆದು, ಕೊನೆಯ ನೀರಿಗೆ ಮಾತ್ರ ಶೋಧಿಸಿದ ನೀರನ್ನು ಬಳಸಿದರೆ ಎರಡು ಕ್ಯಾನಿನಲ್ಲಿ ಒಂದು ಸಂಜೆಯ ಕೆಲಸ ಸಾಗುತ್ತದೆ.

ಬಾಡಿಗೆ ಮನೆಯಲ್ಲಿ ಶಾಂಪೂ ಕುರ್ಚಿ, ಬೇಸಿನ್ ಎಂದು ಕೊಳಾಯಿ ಒಡೆಸುವ ಗೋಜಿಗೆ ಹೋಗದಿರುವುದೇ ಮೇಲು. ‘ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಬನ್ನಿ’ ಎಂದು ಮೊದಲೇ ಹೇಳಿ, ಸ್ಪ್ರೇ ಬಾಟಲಿಯಿಂದ ಕೂದಲನ್ನು ನೆನೆಸಿ ಕತ್ತರಿಸಿದರೆ ನೀರೂ ಉಳಿಯುತ್ತದೆ, ಮೋರಿಯೂ ಉಳಿಯುತ್ತದೆ. ಕೂದಲು ಮೋರಿಯಲ್ಲಿ ಕೊಳೆಯುವುದಿಲ್ಲ. ಸಾಬೂನಿನ ಜಿಡ್ಡು ಮತ್ತು ಸವಳು ನೀರಿನ ಸುಣ್ಣದ ಜೊತೆ ಸೇರಿ ಅದು ಹಗ್ಗದಂತೆ ಹೆಣೆದುಕೊಂಡು ಕೂರುತ್ತದೆ. ಒಣ ನೆಲದ ಮೇಲೆ ಕತ್ತರಿಸಿ, ಗುಡಿಸಿ, ಆಮೇಲೆಯೇ ಒರೆಸಬೇಕು. ಬಚ್ಚಲ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಇಡಬೇಕು. ನೆಲದ ಬಗೆಗೂ ಒಂದು ಮಾತು. ಹಳೆಯ ಮನೆಗಳಲ್ಲಿ ಶಹಾಬಾದ್ ಪರಸಿ ಹಾಸಿರುತ್ತಾರೆ. ಅದು ಸುಣ್ಣದ ಕಲ್ಲು, ಬಣ್ಣವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಬಿದ್ದ ಡೈ ಕಲೆಯನ್ನು ಆಸಿಡ್ ಹಾಕಿ ತೆಗೆಯಲು ಹೋದರೆ ಕಲ್ಲೇ ಸವೆದು ಗುಳಿ ಬೀಳುತ್ತದೆ. ಕುರ್ಚಿಯ ಕೆಳಗೆ ಆರು ಅಡಿ ಅಗಲದ ರೆಕ್ಸಿನ್ ಹಾಸು ಹಾಕಿದರೆ, ಮನೆ ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತದೆ.

ಗುಡಿಸಿದ ಕೂದಲಿನ ಮಾತು ಬಂದಾಗ ಭಾಗ್ಯನಗರವನ್ನು ನೆನೆಯದೆ ಇರಲಾಗದು. ಕೊಪ್ಪಳದ ಮಗ್ಗುಲಿನ ಈ ಊರು ಮಾನವ ಕೂದಲಿನ ಸಂಸ್ಕರಣೆಗೆ ಹೆಸರಾಗಿದ್ದು, ಇಲ್ಲಿ ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿದ ಕೂದಲು ವಿಗ್ ತಯಾರಿಕೆಗಾಗಿ ವಿದೇಶಗಳಿಗೂ ಹೋಗುತ್ತದೆ. ಹಾಗೆಂದು ಮನೆಯ ಸಲೂನಿನ ತುಂಡು ಕೂದಲಿಗೆ ಬೆಲೆ ಬರುತ್ತದೆಂದು ಭಾವಿಸಬೇಕಿಲ್ಲ. ಬೆಲೆ ಇರುವುದು ಉದ್ದ ಎಳೆಗಳಿಗೆ. ಉದ್ದ ಜಡೆಯನ್ನು ಗಿಡ್ಡ ಮಾಡಿಸಿಕೊಳ್ಳಲು ಬಂದವರ ಕೂದಲನ್ನು ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ ಒಮ್ಮೆಗೇ ಕತ್ತರಿಸಿ ಅವರ ಕೈಗೇ ಕೊಡುವುದು ಮರ್ಯಾದೆ. ಮಾರುವುದೋ, ಚೌರಿ ಮಾಡಿಸುವುದೋ, ಹರಕೆಗೆ ಇಡುವುದೋ ಅವರಿಗೆ ಬಿಟ್ಟದ್ದು.

ರಾಸಾಯನಿಕಗಳ ಅಪಾಯ ಅಂಗಡಿಗಿಂತ ಮನೆಯಲ್ಲಿ ಹೆಚ್ಚು, ಏಕೆಂದರೆ ಅದೇ ಸೂರಿನಡಿ ಅಡುಗೆಯಾಗುತ್ತದೆ, ಮಕ್ಕಳು ಆಡುತ್ತಾರೆ. ಕಪ್ಪು ಬಣ್ಣದ ಬಹುತೇಕ ಡೈಗಳಲ್ಲಿ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ವಸ್ತುವಿರುತ್ತದೆ. ಪೊಟ್ಟಣದ ಮೇಲೆ ಇದನ್ನು ಪಿಪಿಡಿ ಎಂದು ಬರೆಯುತ್ತಾರೆ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲೂ ಇದು ಇರುತ್ತದೆ. ಮದರಂಗಿ ಸೊಪ್ಪಿಗೆ ತಾನಾಗಿ ಕಪ್ಪು ಬಣ್ಣ ಕೊಡುವ ಗುಣವಿಲ್ಲ. ಈ ವಸ್ತು ಒಗ್ಗದವರಿಗೆ ಹಣೆ, ಕಿವಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಹಿಂದೆ ಹತ್ತು ಸಲ ಹಚ್ಚಿಕೊಂಡು ಏನೂ ಆಗದವರಿಗೆ ಹನ್ನೊಂದನೆಯ ಸಲ ಆಗಬಹುದು. ಆದ್ದರಿಂದ ಬಣ್ಣ ಹಚ್ಚುವ 48 ಗಂಟೆಗಳ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಬದಿಯಲ್ಲಿ ಚುಕ್ಕೆಯಷ್ಟು ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಅಗತ್ಯ. ಮದುವೆಯ ಹಿಂದಿನ ದಿನ ಸಂಜೆ ಓಡಿಬಂದು ‘ಈಗಲೇ ಹಚ್ಚಿ’ ಎನ್ನುವವರೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ಇಲ್ಲ ಎನ್ನುವುದನ್ನು ಮೊದಲ ತಿಂಗಳೇ ರೂಢಿ ಮಾಡಿಕೊಳ್ಳಬೇಕು. ಪಿಪಿಡಿ ಇರುವ ಡೈ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಸ್ನಾಯುಗಳು ಹಾಳಾಗಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಆದಕಾರಣ ಡೈ ಪೊಟ್ಟಣಗಳಿಗೆ ಬೀಗವಿರುವ ಕಪಾಟು ಬೇಕೇ ಬೇಕು; ಅಡುಗೆಮನೆಯ ಶೆಲ್ಫ್ ಅದರ ಜಾಗವಲ್ಲ.

ಕೂದಲು ನೆಟ್ಟಗೆ ಮಾಡುವ ‘ಕೆರಟಿನ್’ ಚಿಕಿತ್ಸೆಗಳ ಬಗೆಗೆ ನನಗೆ ಇನ್ನೂ ಕಟುವಾದ ಅಭಿಪ್ರಾಯವಿದೆ. ಈ ದ್ರಾವಣಗಳಲ್ಲಿ ಕೆಲವನ್ನು ಇಸ್ತ್ರಿಯಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಕಣ್ಣು ಉರಿ, ಗಂಟಲು ಕೆರೆತಗಳು ಅದರ ಮೊದಲ ಸೂಚನೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಫಾರ್ಮಾಲ್ಡಿಹೈಡ್ ಇಲ್ಲವೆಂದು ಹೇಳಿಕೊಳ್ಳುವ ಕೆಲವು ಕ್ರೀಮುಗಳಲ್ಲಿ ಅದರ ಬದಲಿಗೆ ಗ್ಲೈಆಕ್ಸಿಲಿಕ್ ಆಮ್ಲ ಬಳಸುತ್ತಾರೆ. ಇಂಥ ಕ್ರೀಮಿನಿಂದ ಕೂದಲು ನೆಟ್ಟಗೆ ಮಾಡಿಸಿಕೊಂಡ ಯುವತಿಯೊಬ್ಬರಿಗೆ ಪ್ರತಿ ಸಲವೂ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣವನ್ನು ಫ್ರಾನ್ಸ್‌ನ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ದೊಡ್ಡ ಸಲೂನಿನಲ್ಲಿ ಹೊಗೆ ಎಳೆಯುವ ಫ್ಯಾನುಗಳಾದರೂ ಇರುತ್ತವೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿ ಈ ಕೆಲಸ ಮಾಡಿದರೆ ಆ ಹೊಗೆಯನ್ನು ಉಸಿರಾಡುವುದು ಗಿರಾಕಿ ಒಂದು ದಿನ, ನೀವು ಮತ್ತು ನಿಮ್ಮ ಮಕ್ಕಳು ದಿನಾಲೂ. ಒಂದೇ ಕೋಣೆಯ ಮನೆಯಲ್ಲಿ ಈ ಸೇವೆಯನ್ನು ಪಟ್ಟಿಯಿಂದಲೇ ತೆಗೆದುಹಾಕುವುದು ಒಳ್ಳೆಯದು. ಅದರಿಂದ ಆದಾಯದ ದೊಡ್ಡ ತುಣುಕೊಂದು ಕೈತಪ್ಪುತ್ತದೆಂಬುದು ನಿಜ.

ಬೇಸಿಗೆಯ ತಾಪ ಸರಕನ್ನೂ ಕೆಡಿಸುತ್ತದೆ. ಡೆವಲಪರ್ ಎಂದು ಕರೆಯುವುದು ಹೈಡ್ರೋಜನ್ ಪೆರಾಕ್ಸೈಡ್‌ನ ಕ್ರೀಮನ್ನು. ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಶೇ 6, 30 ಎಂದಿದ್ದರೆ ಶೇ 9, 40 ಎಂದಿದ್ದರೆ ಶೇ 12ರಷ್ಟು ತೀವ್ರತೆ ಎಂದು ಅರ್ಥ. ತಗಡಿನ ಸೂರಿನ ಕೋಣೆಯಲ್ಲಿ ಇಟ್ಟರೆ ಅದು ವಿಭಜನೆಗೊಂಡು ಆಮ್ಲಜನಕ ಬಿಡುತ್ತದೆ, ಬಾಟಲಿ ಉಬ್ಬುತ್ತದೆ, ಒಳಗಿನ ಕ್ರೀಮಿನ ಶಕ್ತಿ ಕುಂದುತ್ತದೆ. ಬಣ್ಣ ಹಿಡಿಯಲಿಲ್ಲವೆಂದು ಕಂಪನಿಯನ್ನು ಬೈಯುವ ಮೊದಲು ಬಾಟಲಿ ಎಲ್ಲಿತ್ತೆಂದು ನೋಡಿಕೊಳ್ಳಬೇಕು. ಕಲಸಿ ಉಳಿದ ಬಣ್ಣವನ್ನು ಮುಚ್ಚಳ ಬಿಗಿದು ಇಡಲೇಬಾರದು.

ಸ್ವಚ್ಛತೆಯ ವಿಷಯದಲ್ಲಿ ಹೇಳುವುದು ಕಡಿಮೆ, ಮಾಡುವುದು ಹೆಚ್ಚು. ಬಾಚಣಿಗೆಯಿಂದ ಹೇನು ಮತ್ತು ನೆತ್ತಿಯ ಹುಳುಕಡ್ಡಿ ಹರಡುತ್ತವೆ. ರಕ್ತ ತಗಲಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡಬಹುದು. ಪ್ರತಿಯೊಬ್ಬರಿಗೂ ಹೊಸ ಬ್ಲೇಡ್, ಕತ್ತರಿ ಮತ್ತು ಬಾಚಣಿಗೆಗಳನ್ನು ಸಾಬೂನಿನಿಂದ ತೊಳೆದ ಮೇಲೆ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದುವುದು, ಒಬ್ಬರಿಗೆ ಒಂದೇ ಟವೆಲ್: ಇಷ್ಟು ಸಾಕು. ಟವೆಲ್ ಒಣಗಿಸಲು ನಮ್ಮ ಬಿಸಿಲಿಗಿಂತ ಒಳ್ಳೆಯ ಯಂತ್ರ ಬೇರಿಲ್ಲ.

ಕಾಗದಪತ್ರಗಳ ಪಟ್ಟಿ ಕೇಳಿದಷ್ಟು ಭಯಂಕರವಲ್ಲ. ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ವ್ಯಾಪಾರ ಪರವಾನಗಿ ಪಡೆಯಬೇಕು. ಪಟ್ಟಣಗಳಲ್ಲಿ ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದ್ದು. ಅದಕ್ಕೆ ಮಾಲೀಕರ ಒಪ್ಪಿಗೆಯ ಪತ್ರ ಕೇಳುತ್ತಾರೆ, ಮೇಲೆ ಹೇಳಿದ ಕರಾರು ಅಲ್ಲಿ ಉಪಯೋಗಕ್ಕೆ ಬರುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿಯ ಬಗ್ಗೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. 2020ರ ಜುಲೈ 1ರಂದು ಆರಂಭವಾದ ಉದ್ಯಮ್ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಾಕು, ಶುಲ್ಕವಿಲ್ಲ. ಇದಕ್ಕೆ ಸಾವಿರ ರೂಪಾಯಿ ಕೇಳುವವರು ಮಧ್ಯವರ್ತಿಗಳು. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಮಂದಿ ಕ್ಯೂಆರ್ ಕೋಡ್ ಕಿತ್ತುಹಾಕಿದರು. ವಾರಕ್ಕೆ ಹನ್ನೆರಡು ಗಂಟೆ ಕೆಲಸ ಮಾಡುವವರು ಹಾಗೆ ಹೆದರಬೇಕಾಗಿಲ್ಲ. ಆದರೆ ಚೀಟಿಯ ಹಣ, ತವರಿನಿಂದ ಬಂದ ಹಣ ಮತ್ತು ಗಿರಾಕಿಯ ಹಣ ಒಂದೇ ಖಾತೆಯಲ್ಲಿ ಕಲಸಿಹೋಗದಂತೆ ಕಸುಬಿಗೆಂದೇ ಒಂದು ಖಾತೆ ತೆರೆಯಬೇಕು. ಸರ್ಕಾರಿ ನೌಕರಿಯಲ್ಲಿರುವವರು ನಡತೆ ನಿಯಮಗಳನ್ನು ಮೊದಲು ಓದಬೇಕು. ಅನುಮತಿಯಿಲ್ಲದ ಖಾಸಗಿ ವ್ಯಾಪಾರ ಅವರಿಗೆ ನಿಷಿದ್ಧ.

ಕಲಿಕೆಗೆ ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯಲ್ಲಿ ಬೆಳೆದ ಈ ಸಂಸ್ಥೆಗಳು ಗ್ರಾಮೀಣ ಯುವಜನರಿಗೆ ಊಟ ವಸತಿಯೊಂದಿಗೆ ಉಚಿತವಾಗಿ ಬ್ಯೂಟಿ ಪಾರ್ಲರ್ ತರಬೇತಿ ಕೊಡುತ್ತವೆ. ಹಣಕ್ಕೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕ್ಷೌರವೂ ಒಂದು. ಸವಿತಾ ಸಮಾಜ ಮತ್ತು ಹಡಪದ ಸಮಾಜದ ಕುಟುಂಬಗಳಂತೆ ಕುಲಕಸುಬಾಗಿ ಇದನ್ನು ಮಾಡಿಕೊಂಡು ಬಂದವರಿಗೆ 15,000 ರೂಪಾಯಿಯ ಉಪಕರಣ ನೆರವು ಮತ್ತು ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಅದರಲ್ಲಿದೆ. ಅರೆಕಾಲಿಕವಾಗಿ ಆರಂಭಿಸುವವರು ಈ ಒಂದು ಲಕ್ಷವನ್ನು ಕಣ್ಣಿಗೆ ಕಂಡ ಕೂಡಲೇ ಎತ್ತಬೇಕೆಂದೇನಿಲ್ಲ.

ಏಕೆ ಎಂಬುದು ದರದ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಉದಾಹರಣೆಗೆ, 36,000 ರೂಪಾಯಿಯ ಕುರ್ಚಿ, ಕನ್ನಡಿ, ಯಂತ್ರಗಳು ಮೂರು ವರ್ಷ ಬಾಳುತ್ತವೆ ಎಂದು ಹಿಡಿದರೆ ತಿಂಗಳಿಗೆ 1,000 ರೂಪಾಯಿ. ವಿದ್ಯುತ್‌ಗೆ 900, ನೀರು ಮತ್ತು ಟವೆಲ್ ಒಗೆತಕ್ಕೆ 600, ಪರವಾನಗಿ, ಫೋನು ಇತ್ಯಾದಿಗೆ 500 ಎಂದುಕೊಂಡರೆ ಒಟ್ಟು 3,000. ವಾರಕ್ಕೆ ಹನ್ನೆರಡು ಗಂಟೆ ಬಾಗಿಲು ತೆರೆದರೆ ತಿಂಗಳಿಗೆ ಸುಮಾರು ಐವತ್ತು ಗಂಟೆಯಾಯಿತು, ಆದರೆ ಕುರ್ಚಿಯಲ್ಲಿ ಗಿರಾಕಿ ಕೂತಿರುವುದು ಅದರಲ್ಲಿ ಅರ್ಧ ಮಾತ್ರ ಎಂದು ಭಾವಿಸೋಣ. ಆಗ ಕುರ್ಚಿ ತುಂಬಿದ ಪ್ರತಿ ಗಂಟೆಯೂ 120 ರೂಪಾಯಿ ಖರ್ಚನ್ನು ಹೊರಬೇಕು. ನಿಮ್ಮ ಕಾಯುವ ಹೊತ್ತೂ ಸೇರಿ ಗಂಟೆಗೆ 150 ರೂಪಾಯಿ ಸಂಪಾದನೆ ಬೇಕೆಂದರೆ ಅದಕ್ಕೆ 300 ಸೇರಿಸಬೇಕು. ಒಟ್ಟು ಗಂಟೆಗೆ 420. ನಲವತ್ತು ನಿಮಿಷದ ಕಟಿಂಗ್‌ಗೆ 280, ಸಾಮಗ್ರಿಗೆ 15, ಅಂದರೆ ಸುಮಾರು 300 ರೂಪಾಯಿ ದರ ಬರುತ್ತದೆ. ಪಕ್ಕದ ಬೀದಿಯಲ್ಲಿ ಅದೇ ಕೆಲಸಕ್ಕೆ 150 ತೆಗೆದುಕೊಳ್ಳುತ್ತಿದ್ದರೆ ಏನು ಮಾಡುವುದು? ದರ ಇಳಿಸುವುದು ಮೊದಲು ಹೊಳೆಯುವ ದಾರಿ, ಆದರೆ ಅದು ಕೊನೆಯದಾಗಬೇಕು. ಅದಕ್ಕಿಂತ ಮೊದಲು ಖಾಲಿ ಗಂಟೆಗಳನ್ನು ಕಡಿಮೆ ಮಾಡಬೇಕು: ಬಾಗಿಲು ತೆರೆದು ಕಾಯುವುದನ್ನು ಬಿಟ್ಟು, ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಂಡವರಿಗೆ ಮಾತ್ರ ತೆರೆದರೆ ಅದೇ 300 ರೂಪಾಯಿಯ ಕೆಲಸ 200ಕ್ಕೆ ಹತ್ತಿರ ಬರುತ್ತದೆ. ಸಾಲದ ಕಂತು ಈ ಲೆಕ್ಕಕ್ಕೆ ಸೇರಿದರೆ ಮತ್ತೆ ಏರುತ್ತದೆ.

ಲೆಕ್ಕ ನಿಜವಾಗಿ ತಿರುಗುವುದು ಮದುವೆಯ ಕೆಲಸದಲ್ಲಿ. ಮೊಗ್ಗಿನ ಜಡೆ, ಚೌರಿ ಸೇರಿಸಿದ ಉದ್ದ ಜಡೆ, ಆರತಕ್ಷತೆಯ ತುರುಬು, ಇವೆಲ್ಲ ಗಿರಾಕಿಯ ಮನೆಯಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುವ ಕೆಲಸಗಳು. ಅಲ್ಲಿ ನಿಮ್ಮ ಮೀಟರ್ ಓಡುವುದಿಲ್ಲ, ನಿಮ್ಮ ಮೋರಿ ಕಟ್ಟುವುದಿಲ್ಲ, ಮಾಲೀಕರ ಮುಖ ಸಣ್ಣದಾಗುವುದಿಲ್ಲ. ಆದ್ದರಿಂದ ಬಾಡಿಗೆ ಮನೆಯಲ್ಲಿರುವವರು ಮನೆಯ ಕುರ್ಚಿಯನ್ನು ಕಟಿಂಗ್‌ಗೆ ಮತ್ತು ಪರಿಚಯಕ್ಕೆ ಇಟ್ಟುಕೊಂಡು, ಸಂಪಾದನೆಗೆ ಪೆಟ್ಟಿಗೆ ಹಿಡಿದು ಹೊರಡುವುದೇ ಲಾಭದ ದಾರಿ ಎಂದು ನಾನು ತಿಳಿದಿದ್ದೇನೆ. ಹೋಗಿ ಬರುವ ಹೊತ್ತನ್ನೂ, ಬೆಳಗಿನ ನಾಲ್ಕಕ್ಕೆ ಏಳುವ ಕಷ್ಟವನ್ನೂ ದರದಲ್ಲಿ ಸೇರಿಸಲು ಸಂಕೋಚಪಡಬಾರದು. ಹೂವಿನ ಬೆಲೆಯನ್ನು ಮಾತ್ರ ಬೇರೆಯಾಗಿ ಇಡಬೇಕು. ಹಡಗಲಿ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಹೂವೇ ಆದರೂ, ಮುಹೂರ್ತ ಹೆಚ್ಚಿರುವ ವಾರದಲ್ಲಿ ಅದರ ದರ ಎಲ್ಲಿಗೆ ಏರುತ್ತದೆಂದು ಹೇಳಲಾಗದು.

ಕೆಲಸ ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಶ್ರಾವಣ ಬಂದ ಕೂಡಲೇ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಆ ವಾರ ಕುರ್ಚಿ ಖಾಲಿಯಿರುವುದಿಲ್ಲ. ಕೊಪ್ಪಳದಲ್ಲಿ ಜನವರಿಯ ಗವಿಸಿದ್ಧೇಶ್ವರ ಜಾತ್ರೆ, ಎಲ್ಲೆಡೆ ದೀಪಾವಳಿ ಮತ್ತು ರಂಜಾನ್ ಇಂಥವೇ ದಿನಗಳು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗಳಂದು ಕೂದಲು ಕತ್ತರಿಸಿಕೊಳ್ಳದವರು ಬಹಳ ಮಂದಿ. ಆ ದಿನಗಳನ್ನು ಯಂತ್ರಗಳ ಶುಚಿಗೆ, ಪ್ಯಾಚ್ ಟೆಸ್ಟ್‌ಗೆ ಇಟ್ಟುಕೊಳ್ಳಬಹುದು. ಬೀದಿಯ ಅಂಗಡಿಗೆ ಇಲ್ಲದ ಒಂದು ಅನುಕೂಲ ಮನೆಗೆ ಇದೆ, ಅದು ಮರೆ. ಪರದೆ ಪಾಲಿಸುವ ಮಹಿಳೆಯರು, ಕೂದಲು ಉದುರಿ ನೆತ್ತಿ ಕಾಣುತ್ತಿದೆಯೆಂದು ನಾಲ್ಕು ಜನರ ಮುಂದೆ ಕೂರಲು ಅಂಜುವವರು, ಎಳೆಯ ಕೂಸಿನ ತಾಯಂದಿರು ಹುಡುಕುವುದು ಅದನ್ನೇ. ಅದಕ್ಕೆ ದಪ್ಪ ಪರದೆ, ಒಳಗಿನಿಂದ ಚಿಲಕ, ಮತ್ತು ಆ ಹೊತ್ತಿನಲ್ಲಿ ಮನೆಯ ಗಂಡಸರು ಆ ಕೋಣೆಗೆ ಬರುವುದಿಲ್ಲವೆಂಬ ಮಾತು ಇಷ್ಟು ಬೇಕು. ಗಿರಾಕಿಯನ್ನು ಕೇಳದೆ ಅವರ ಜಡೆಯ ಚಿತ್ರವನ್ನು ಸ್ಟೇಟಸ್‌ಗೆ ಹಾಕಿದರೆ ಈ ವಿಶ್ವಾಸ ಒಂದೇ ದಿನದಲ್ಲಿ ಹೋಗುತ್ತದೆ.

ಯಾರಿಗೆ ಸೇವೆ ಕೊಡಬೇಕು ಎಂಬಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿಗಳು ಈಚಿನ ವರ್ಷಗಳಲ್ಲೂ ಬಂದಿವೆ. ‘ಇದು ಅಂಗಡಿಯಲ್ಲ, ನನ್ನ ಮನೆ’ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಹಣ ಪಡೆದು ಸಾರ್ವಜನಿಕರಿಗೆ ಸೇವೆ ಕೊಡುವವರು ಅಸ್ಪೃಶ್ಯತೆಯ ಕಾರಣಕ್ಕೆ ಅದನ್ನು ನಿರಾಕರಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಶಿಕ್ಷಾರ್ಹ ಅಪರಾಧ. ಇಂಥವರನ್ನು ಮನೆಯೊಳಗೆ ಕರೆಯಬೇಡಿ ಎಂದು ಮಾಲೀಕರು ಷರತ್ತು ಹಾಕಿದರೆ ಆ ಮನೆಯಲ್ಲಿ ಕಸುಬು ಆರಂಭಿಸದಿರುವುದೇ ಸರಿ.

ಮನೆ ಬದಲಿಸುವ ದಿನ ಬಂದೇ ಬರುತ್ತದೆ, ಹನ್ನೊಂದು ತಿಂಗಳಿಗಲ್ಲದಿದ್ದರೆ ಮೂವತ್ಮೂರು ತಿಂಗಳಿಗೆ. ವ್ಯಾಪಾರ ಪರವಾನಗಿ ಆ ವಿಳಾಸಕ್ಕೆ ಕೊಟ್ಟದ್ದು, ನಿಮ್ಮ ಹಿಂದೆ ಹೊಸ ಮನೆಗೆ ಬರುವುದಿಲ್ಲ. ಹೊಸದಕ್ಕೆ ಅರ್ಜಿ ಹಾಕಬೇಕು. ಉದ್ಯಮ್ ನೋಂದಣಿಯಲ್ಲಿ ವಿಳಾಸವನ್ನು ತಿದ್ದಬಹುದು. ವಾಣಿಜ್ಯ ಮೀಟರ್ ಪಡೆದಿದ್ದರೆ ಅದನ್ನು ರದ್ದುಪಡಿಸಿ ಠೇವಣಿ ವಾಪಸ್ ಪಡೆಯುವ ಅರ್ಜಿಯನ್ನು ಕೀಲಿಕೈ ಒಪ್ಪಿಸುವ ಮೊದಲೇ ಕೊಡಬೇಕು. ಹೊಸ ಮನೆ ನೋಡಲು ಹೋದಾಗ ಪಡಸಾಲೆಯ ಅಳತೆಗಿಂತ ಮುಂಚೆ ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರು ಸುರಿದು, ಅದು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ನೋಡಿ, ಆಮೇಲೆ ಬಾಡಿಗೆಯ ಮಾತು ತೆಗೆಯಿರಿ.